ನ್ಯೂಯಾರ್ಕ್‌ನಾಗ ಹತ್ತಿ 5 ಸೆಂಟ್ ಏರಿದ್ರ ರಾಯಚೂರು ಗಂಜ್‌ನಾಗ ಕ್ವಿಂಟಲ್‌ಗೆ ಎಷ್ಟು?

ಎರೆಹೊಲ_ಮಾನ್ವಿ:
ರೈತರ ವಾಟ್ಸಾಪ್ ಗುಂಪುಗಳೊಳಗ ದಿನಾ ಸಂಜೀಕ ಒಂದು ಸಾಲು ಓಡಾಡ್ತದ. "ಅಮೆರಿಕದಲ್ಲಿ ಹತ್ತಿ ಜಿಗಿತ", "ಚೀನಾ ಖರೀದಿ ಇಳಿಕೆ", ಹಿಂಗ. ಮರುದಿನ ಗಂಜ್‌ನ, ಅಂದ್ರ ನಮ್ಮ ಎಪಿಎಂಸಿ ಮಾರುಕಟ್ಟಿಯ, ಟೆಂಡರ್ ದರ ನೋಡಿದ್ರ ಅದಕ್ಕೂ ಇದಕ್ಕೂ ಸಂಬಂಧನೇ ಕಾಣಂಗಿಲ್ಲ, ಒಮ್ಮೊಮ್ಮೆ ಉಲ್ಟಾನೂ ಇರ್ತದ. ಅಲ್ಲಿನ ಸೆಂಟನ್ನ ಇಲ್ಲಿನ ಕ್ವಿಂಟಲ್ ರೂಪಾಯಿಗೆ ತಿರುಗಿಸೋದು ಹೆಂಗ? ಯಾವ ಸುದ್ದಿಗೆ ಕಿವಿ ಕೊಡಬೇಕು, ಯಾವುದು ಬಿಡಬೇಕು? ಲೆಕ್ಕ ಗೊತ್ತಿದ್ದವರು ಅಂಕಿ ಸಮೇತ ಹೇಳ್ರಿ.

ಕ್ಯಾಂಡಿ_ಲೆಕ್ಕ:
ಮೊದಲು ಅಳತೆ ಸರಿ ಮಾಡಿಕೊಳ್ಳೋಣ. ನ್ಯೂಯಾರ್ಕ್ ದರ ಅಂದರೆ ಐಸ್ (ICE) ವಿನಿಮಯ ಕೇಂದ್ರದ ವಾಯಿದಾ ದರ, ಅಂದರೆ ಮುಂದಿನ ಒಂದು ತಿಂಗಳಲ್ಲಿ ಕೊಡುವ ಸರಕಿಗೆ ಈಗಲೇ ಕುದುರುವ ದರ. ಒಂದು ಪೌಂಡ್ ಅರಳೆಗೆ (ಕಾಳು ತೆಗೆದ ಹತ್ತಿಗೆ) ಇಷ್ಟು ಸೆಂಟ್ ಅಂತ. ನೀವು ಗಂಜ್‌ಗೆ ತರೋದು ಕಾಳು ಸಮೇತ ಇರುವ ಹತ್ತಿ. ಇವೆರಡರ ನಡುವೆ ಕಾಳು-ಅರಳೆ ಬೇರೆ ಮಾಡುವ ಜಿನ್ನಿಂಗ್ ಫ್ಯಾಕ್ಟರಿ ಇದೆ, ಅಲ್ಲಿಯವರು ಮಾತಾಡೋದು ಕ್ಯಾಂಡಿಯಲ್ಲಿ. ಒಂದು ಕ್ಯಾಂಡಿ ಅಂದರೆ 355.62 ಕೆ.ಜಿ. ಅರಳೆ, 784 ಪೌಂಡ್.

ಹಾಗಾಗಿ ಸೂತ್ರ ಇಷ್ಟೇ: ಸೆಂಟ್ × 7.84 × ಡಾಲರ್ ದರ = ಕ್ಯಾಂಡಿಗೆ ರೂಪಾಯಿ. ನ್ಯೂಯಾರ್ಕ್ 65 ಸೆಂಟ್, ಡಾಲರ್ 88 ರೂ. ಅಂತ ಹಿಡಿಯಿರಿ. 65 × 7.84 × 88 = 44,845. ಕೆ.ಜಿ.ಗೆ 126 ರೂ.

ಇನ್ನು ನಿಮ್ಮ ಕ್ವಿಂಟಲ್. ನೂರು ಕೆ.ಜಿ. ಹತ್ತಿ ಜಿನ್ ಮಾಡಿದರೆ ಹೆಚ್ಚುಕಮ್ಮಿ 34 ಕೆ.ಜಿ. ಅರಳೆ, 64 ಕೆ.ಜಿ. ಕಾಳು, 2 ಕೆ.ಜಿ. ಕಸ-ಧೂಳು. ಅರಳೆಯ ಪಾಲು 34 × 126, ಸುಮಾರು 4,290. ಕಾಳು ಕೆ.ಜಿ.ಗೆ 35 ರೂ. ಇದ್ದರೆ 2,240. ಕೂಡಿಸಿದರೆ 6,530ರ ಹತ್ತಿರ. ಜಿನ್ ಖರ್ಚು, ಮಾರುಕಟ್ಟೆ ಶುಲ್ಕ, ಹಮಾಲಿ ಇದರಲ್ಲೇ ಕಳೀಬೇಕು.

ನೀವು ಕೇಳಿದ್ದಕ್ಕೆ ಉತ್ತರ: ಒಂದು ಸೆಂಟ್ ಏರಿದರೆ ಕ್ಯಾಂಡಿಗೆ 690 ರೂ., ಕ್ವಿಂಟಲ್ ಹತ್ತಿಗೆ 66 ರೂ. ಐದು ಸೆಂಟ್ ಪೂರ್ತಿ ಇಲ್ಲಿಗೆ ಇಳಿದರೆ 330. "ಪೂರ್ತಿ ಇಳಿದರೆ" ಅನ್ನೋದರ ಮೇಲೆ ಗೆರೆ ಹಾಕಿಕೊಳ್ಳಿ. ಡಾಲರ್ ಒಂದು ರೂಪಾಯಿ ಏರಿದರೆ ಇದೇ ಲೆಕ್ಕದಲ್ಲಿ ಕ್ವಿಂಟಲ್‌ಗೆ 49 ರೂ. ಬರ್ತದೆ, ಅದನ್ನ ಯಾರೂ ವಾಟ್ಸಾಪ್‌ನಲ್ಲಿ ಹಾಕಲ್ಲ.

ಇನ್ನೊಂದು ಮೋಸ ಆಗುವ ಜಾಗ: ವಾಯಿದೆಗೆ ತಿಂಗಳಿದೆ. ಮಾರ್ಚ್, ಮೇ, ಜುಲೈ, ಅಕ್ಟೋಬರ್, ಡಿಸೆಂಬರ್. ಜುಲೈ ವಾಯಿದೆ ಮುಗಿದ ದಿನ ಸುದ್ದಿಯವರು ಡಿಸೆಂಬರ್ ದರ ಹಿಡಿದು ನಿನ್ನೆಯ ಜುಲೈ ದರದ ಜೊತೆ ಹೋಲಿಸಿಬಿಡ್ತಾರೆ. ದರ ಜಿಗಿದಂತೆ ಕಾಣ್ತದೆ, ಆದರೆ ಯಾವ ವಾಯಿದೆಯೂ ಏರಿರಲ್ಲ.

ಹಿಂಡಿ_ಬಜಾರ್:
ಮ್ಯಾಲಿನವರ ಲೆಕ್ಕ ಸರಿ ಅದ. ಖರೆ, ಅದರೊಳಗಿನ ದೊಡ್ಡ ಮಾತು ಅವರೇ ದಾಟಿಸಿಬಿಟ್ರು. ಕ್ವಿಂಟಲ್‌ನಾಗ 64 ಕೆ.ಜಿ. ಕಾಳು ಅದ. ಕಾಳು ಒಂದು ರೂಪಾಯಿ ಏರಿದ್ರ 64 ರೂ., ನ್ಯೂಯಾರ್ಕ್ ಒಂದು ಸೆಂಟ್ ಏರಿದ್ರ 66. ಎರಡೂ ಒಂದೇ ತಕ್ಕಡಿ! ಕಾಳು ವಾರದಾಗ ಎರಡು-ಮೂರು ರೂಪಾಯಿ ಆಚೀಚೆ ಆಗೋದು ಏನೂ ವಿಶೇಷ ಅಲ್ಲ. ನ್ಯೂಯಾರ್ಕ್ ಏರಿ ಗಂಜ್ ಇಳಿದ ದಿನ ಮೊದಲು ಕಾಳಿನ ದರ ನೋಡ್ರಿ, ಅಲ್ಲೇ ಉತ್ತರ ಇರ್ತದ.

ಕಾಳಿಗೆ ಎರಡು ಬಾಲ. ಒಂದು ಹಿಂಡಿ, ಅದು ನಮ್ಮ ದೇಶದೊಳಗಿನ ಎಮ್ಮೆ-ಆಕಳ ಮ್ಯಾಲೆ ನಿಂತದ. ಇನ್ನೊಂದು ಎಣ್ಣೆ, ಅದು ಇಂಡೋನೇಷ್ಯಾ-ಮಲೇಷ್ಯಾದ ಪಾಮ್ ಎಣ್ಣಿ ಬೆನ್ನು ಹತ್ತಿ ಹೋಗ್ತದ. ಇಂಡೋನೇಷ್ಯಾ 2022ರ ಏಪ್ರಿಲ್ 28ಕ್ಕ ಪಾಮ್ ಎಣ್ಣಿ ರಫ್ತು ಬಂದ್ ಮಾಡಿ ಮೇ 23ಕ್ಕ ಮತ್ತ ತೆರೀತು. 2025ರ ಮೇ 30ಕ್ಕ ಕೇಂದ್ರ ಸರ್ಕಾರ ಕಚ್ಚಾ ಪಾಮ್, ಸೋಯಾ, ಸೂರ್ಯಕಾಂತಿ ಎಣ್ಣಿ ಮ್ಯಾಲಿನ ಮೂಲ ಸುಂಕ ಶೇ. 20ರಿಂದ 10ಕ್ಕ ಇಳಿಸ್ತು. ಇಂಥಾವು "ಅಡುಗಿ ಎಣ್ಣಿ ಸುದ್ದಿ" ಅಂತ ಬರ್ತಾವ, ಹತ್ತಿ ಬೆಳೆಯೋರು ಓದಂಗಿಲ್ಲ. ಹೊರಗಿನ ಎಣ್ಣಿ ಅಗ್ಗ ಆದ್ರ ಹತ್ತಿಕಾಳಿನ ಎಣ್ಣಿ ಕೇಳೋರು ಕಮ್ಮಿ, ಗಿರಣಿಯವರು ಕಾಳಿನ ದರ ಕಡೀತಾರ, ಜಿನ್‌ನವರು ಅದನ್ನ ನಿಮ್ಮ ಹತ್ತಿಯೊಳಗ ಕಡೀತಾರ.

ಎರೆಹೊಲ_ಮಾನ್ವಿ:
ಚಲೋ ಆತು. ಆದ್ರ ಒಂದು ಕೂಡಂಗಿಲ್ಲ ನೋಡ್ರಿ. 65 ಸೆಂಟಿನ ಲೆಕ್ಕಕ್ಕ 6,530 ಬಂತು. 2025-26ರ ಬೆಂಬಲ ಬೆಲೆ ಉದ್ದ ಎಳಿ ಹತ್ತಿಗೆ 8,110, ಮಧ್ಯಮ ಎಳಿಗೆ 7,710. ಇಷ್ಟು ಅಂತರ ಇದ್ರ ಖಾಸಗಿಯವರು ಯಾಕ ಕೊಳ್ತಾರ?

ಕ್ಯಾಂಡಿ_ಲೆಕ್ಕ:
ಆ 6,530 ಅಮೆರಿಕದ ವಾಯಿದಾ ದರದ ಲೆಕ್ಕ, ತಮಿಳುನಾಡಿನ ಮಿಲ್ ಬಾಗಿಲಿಗೆ ಬಂದು ಬೀಳುವ ದರ ಅಲ್ಲ. ವಾಯಿದೆ ಮೇಲೆ ಗುಣಮಟ್ಟದ ಹೆಚ್ಚುವರಿ, ಹಡಗು ಬಾಡಿಗೆ ಸೇರ್ತದೆ. ಅದನ್ನ 10 ಸೆಂಟ್ ಅಂತ ಹಿಡಿಯೋಣ. 75 × 7.84 × 88 = 51,744. ಇದರ ಮೇಲೆ ಶೇ. 11 ಆಮದು ಸುಂಕ ಹಾಕಿದರೆ 5,692, ಒಟ್ಟು 57,436. ಹೊರಗಿನ ಹತ್ತಿ ಇಷ್ಟಕ್ಕೆ ಬೀಳುವಾಗ ಮಿಲ್‌ನವರು ನಮ್ಮ ಬೇಲ್‌ಗೆ (ಒತ್ತಿ ಕಟ್ಟಿದ ಅರಳೆ ಮೂಟೆಗೆ) ಅದರ ಆಸುಪಾಸು ಕೊಡ್ತಾರೆ. ಆಗ ನಿಮ್ಮ ಕ್ವಿಂಟಲ್ 7,730ಕ್ಕೆ ಕೂರ್ತದೆ, ಖರ್ಚು ಕಳೆಯೋಕೆ ಮುಂಚೆ.

ಈಗ ಸುಂಕ ತೆಗೆಯಿರಿ. ಕ್ಯಾಂಡಿಗೆ 5,692 ಹೋಯ್ತು, ಕ್ವಿಂಟಲ್‌ಗೆ 544 ರೂ. ನ್ಯೂಯಾರ್ಕ್ ಎಂಟು ಸೆಂಟ್ ಬಿದ್ದಷ್ಟು, ಒಂದೇ ಅಧಿಸೂಚನೆಯಲ್ಲಿ. ಆ ಸುಂಕ ಬಂದದ್ದು 2021ರ ಫೆಬ್ರವರಿಯ ಬಜೆಟ್‌ನಲ್ಲಿ. 2022ರ ಏಪ್ರಿಲ್ 14ರಿಂದ ಅಕ್ಟೋಬರ್ ಕೊನೆವರೆಗೆ ತೆಗೆದಿದ್ದರು. ಮತ್ತೆ 2025ರ ಆಗಸ್ಟ್ 19ರಿಂದ ತೆಗೆದರು. ಮೊದಲು ಸೆಪ್ಟೆಂಬರ್ 30ರವರೆಗೆ ಅಂದರು, ಆಮೇಲೆ ಡಿಸೆಂಬರ್ 31ರವರೆಗೆ ಎಳೆದರು. ಡಿಸೆಂಬರ್ ಅಂದರೆ ರಾಯಚೂರಿಗೆ ಆವಕ ಜೋರಾಗಿರುವ ಹೊತ್ತು! ನನ್ನ ಕೇಳಿದರೆ ಹತ್ತಿ ಬೆಳೆಯೋರು ನ್ಯೂಯಾರ್ಕ್ ಬಿಟ್ಟು ದಿಲ್ಲಿಯ ಸುಂಕದ ತಾರೀಖನ್ನ ಕ್ಯಾಲೆಂಡರ್ ಮೇಲೆ ಬರೆದಿಡಬೇಕು.

ಇನ್ನು ಖಾಸಗಿಯವರು ಬೆಂಬಲ ಬೆಲೆ ಕೊಡದಿದ್ದಾಗ ಹತ್ತಿ ಸಿಸಿಐ ಕಡೆ, ಅಂದರೆ ಬೆಂಬಲ ಬೆಲೆಗೆ ಕೊಳ್ಳುವ ಸರ್ಕಾರಿ ಭಾರತೀಯ ಹತ್ತಿ ನಿಗಮದ ಕಡೆ ಹರೀತದೆ. ಆಮೇಲೆ ಸಿಸಿಐ ತನ್ನ ಬೇಲ್‌ಗಳನ್ನ ಇ-ಹರಾಜಿನಲ್ಲಿ ಯಾವ ದರಕ್ಕೆ ಬಿಡ್ತದೆ ಅನ್ನೋದೇ ಮಾರುಕಟ್ಟೆಯ ದರ. ಸಿಸಿಐ ತನ್ನ ದರ ಇಳಿಸಿದ ದಿನ ಗಂಜ್ ಬೀಳ್ತದೆ, ಅವತ್ತು ನ್ಯೂಯಾರ್ಕ್ ಏರಿದ್ದರೂ ಅಷ್ಟೇ.

ನೂಲು_ದಾರಿ:
ಬೇಡಿಕೆ ಕಡೆಯಿಂದ ಎರಡು ಮಾತು. ಇಲ್ಲಿಯ ಬೇಲ್ ದೊಡ್ಡ ಪಾಲು ಕೊಯಮತ್ತೂರು, ತಿರುಪ್ಪೂರು ಕಡೆ ಹೋಗುತ್ತೆ. ಹಾಗಾಗಿ ಹತ್ತಿ ಹೆಸರಿಲ್ಲದ ಸುದ್ದಿಯೂ ಹತ್ತಿ ಸುದ್ದಿಯೇ. ಅಮೆರಿಕ ನಮ್ಮ ಸರಕಿನ ಮೇಲೆ 2025ರ ಆಗಸ್ಟ್ 7ರಿಂದ ಶೇ. 25, ಆಗಸ್ಟ್ 27ರಿಂದ ಇನ್ನೊಂದು 25 ಸುಂಕ ಹಾಕಿದಾಗ ಪೆಟ್ಟು ಮೊದಲು ಬಿದ್ದದ್ದು ಬನಿಯನ್, ಟೀ ಶರ್ಟ್ ಹೊಲಿಯೋರಿಗೆ. ಅದೇ ವರ್ಷ ಏಪ್ರಿಲ್‌ನಲ್ಲಿ ಬಾಂಗ್ಲಾದೇಶ ಭೂಗಡಿ ಮೂಲಕ ನಮ್ಮ ನೂಲು ತರಿಸೋದನ್ನ ನಿಲ್ಲಿಸಿತು. ಸಮುದ್ರ ದಾರಿ ಇದೆ, ಆದರೆ ದಿನ ಹಿಡಿಯುತ್ತೆ, ದುಡ್ಡು ಸಿಕ್ಕಿಹಾಕಿಕೊಳ್ಳುತ್ತೆ.

ಇಂಥ ಸುದ್ದಿ ಗಂಜ್‌ಗೆ ಮರುದಿನವೇ ಬರಲ್ಲ. ಬಟ್ಟೆಯ ಆರ್ಡರ್ ನಿಲ್ಲಬೇಕು, ನೂಲು ಗೋದಾಮಿನಲ್ಲಿ ತುಂಬಬೇಕು, ಮಿಲ್ ಬೇಲ್ ಖರೀದಿ ಮುಂದೂಡಬೇಕು, ಆಮೇಲೆ ಜಿನ್‌ನವರು ಟೆಂಡರ್‌ನಲ್ಲಿ ಕೈ ಬಿಗಿ ಹಿಡೀತಾರೆ. ವಾರಗಟ್ಟಲೆ ತಡ.

ಅಂಕಿ ಓದುವಾಗ ಬೇಲ್ ಯಾವುದು ಅಂತ ನೋಡಿ. ಅಮೆರಿಕದ ಕೃಷಿ ಇಲಾಖೆಯದು 480 ಪೌಂಡಿನ ಬೇಲ್, ಸುಮಾರು 218 ಕೆ.ಜಿ. ನಮ್ಮದು 170. ಇಲ್ಲಿನ 300 ಲಕ್ಷ ಬೇಲ್ ಅವರ ಪಟ್ಟಿಯಲ್ಲಿ 234 ಲಕ್ಷ. ಇದನ್ನೇ "ಭಾರತದ ಇಳುವರಿ ಕುಸಿತ" ಅಂತ ಬರೆದವರಿದ್ದಾರೆ, ಪುಣ್ಯಾತ್ಮರು.

ಕಾಳು_ಕಡಿ:
ಎಲ್ಲಾರೂ ದೇಶಾಂತರ ಸುತ್ತಿದ್ರಿ, ನಮ್ಮ ಮನಿ ಮುಂದಿನ ರಾಶಿ ನೋಡ್ರಿ. ಸಿಸಿಐ ಲೆಕ್ಕ ಶೇ. 8 ತೇವಾಂಶಕ್ಕ. ಅದರ ಮ್ಯಾಲೆ ಒಂದೊಂದು ಶೇಕಡಾಕ್ಕೂ ಬೆಲೆಯೊಳಗ ಒಂದು ಶೇಕಡಾ ಕಡೀತಾರ, 12 ದಾಟಿದ್ರ ತಗೊಳ್ಳಂಗೇ ಇಲ್ಲ. 12 ಬಂದ್ರ 8,110ರೊಳಗ 324 ರೂ. ಹೋತು. ನ್ಯೂಯಾರ್ಕ್ ಐದು ಸೆಂಟ್ ಏರಿ ಬರೋದೂ ಅಷ್ಟೇ.

ಕ್ಯಾಂಡಿ_ಲೆಕ್ಕ:
ಅರ್ಧ ಸರಿ. ತೇವ 8ರಿಂದ 12ಕ್ಕೆ ಹೋದರೆ ತೂಕವೂ ನಾಲ್ಕೂವರೆ ಶೇಕಡಾ ಏರ್ತದೆ. ಕಡಿತ ತೂಕದಲ್ಲಿ ವಾಪಸ್ ಬಂತಲ್ಲ?

ಕಾಳು_ಕಡಿ:
ಕಾಗದದ ಮ್ಯಾಲೆ ಬಂತು. ಮೀಟರ್ 12.3 ತೋರಿಸಿದ್ರ ಗಾಡಿ ಹೊಳ್ಳಿ ಬರ್ತದ, ಆ ಬಾಡಿಗಿ ಯಾರ ತಲಿ ಮ್ಯಾಲೆ? ಖಾಸಗಿ ಖರೀದಿದಾರರು ಮೀಟರ್ ಹಿಡಿಯಂಗಿಲ್ಲ, ಅಂಡಗಿಯ (ಹತ್ತಿ ತುಂಬಿದ ದೊಡ್ಡ ಚೀಲದ) ನಡುವ ಮೊಳಕೈತನಕ ಕೈ ಹಾಕ್ತಾರ. ಒಳಗ ತಣ್ಣಗ, ಮೆತ್ತಗ ಹತ್ತಿದ್ರ ತಮ್ಮ ಅಂದಾಜಿಗೆ ದರ ಹಾಕ್ತಾರ, ಆ ಅಂದಾಜು ನಮ್ಮ ಕಡಿ ಎಂದೂ ವಾಲಂಗಿಲ್ಲ. ಮತ್ತ ಹಸಿ ಹತ್ತಿ ರಾಶಿ ಹಾಕಿದ್ರ ಒಳಗ ಕಾವು ಏಳ್ತದ. ಅರಳಿ ಹಳದಿ ತಿರುಗ್ತದ, ಕಾಳಿನ ಎಣ್ಣಿಯೊಳಗ ಆಮ್ಲ ಏರ್ತದ, ಗಿರಣಿಯವರು ಕಾಳಿನ ದರ ಇಳಿಸ್ತಾರ. ಮ್ಯಾಲೆ ಹೇಳಿದ 64 ಕೆ.ಜಿ. ಇದೇ ನೋಡ್ರಿ.

ಮಾಡೋದು ಇಷ್ಟ. ಇಬ್ಬನಿ ಆರಿದ ಮ್ಯಾಲೆ, ಹತ್ತು ಗಂಟೆ ಸುಮಾರಿಗೆ ಬಿಡಿಸಾಕ ಶುರು ಮಾಡ್ರಿ. ಬಿಡಿಸಿದ್ದನ್ನ ತಾಡಪತ್ರಿ ಮ್ಯಾಲೆ ಒಂದು ಗೇಣಿಗಿಂತ ದಪ್ಪ ಆಗದಂಗ ಹರವಿ, ಎರಡು-ಮೂರು ತಾಸು ಬಿಸಲಿಗೆ ಬಿಟ್ಟು ನಡುವ ಒಮ್ಮೆ ತಿರುವಿ ಹಾಕ್ರಿ. ಆಮೇಲೆ ಹರವಿದ್ದರ ತಳದಾಗಿನ ಒಂದು ಕಾಳು ತಗೊಂಡು ಹಲ್ಲಿಗೆ ಕಡೀರಿ. ಕಟ್ ಅಂತ ಒಡೆದ್ರ ಒಣಗ್ಯದ, ಮೆತ್ತಗ ಚಪ್ಪಟಿ ಆದ್ರ ಇನ್ನೂ ಹಸಿ ಅದ. ಮ್ಯಾಲಿನ ಕಾಳು ಕಡಿಬ್ಯಾಡ್ರಿ, ಅದು ಯಾವಾಗಲೂ ಕಟ್ ಅಂತದ. ಗೊಬ್ಬರದ ಚೀಲದಾಗ ತುಂಬಬ್ಯಾಡ್ರಿ, ಅದರ ಪ್ಲಾಸ್ಟಿಕ್ ಎಳಿ ಅರಳಿಯೊಳಗ ಸೇರಿದ್ರ ಬಟ್ಟೆಗೆ ಬಣ್ಣ ಹಾಕಿದಾಗ ಬಿಳೇ ಗೆರಿ ಉಳೀತದ. ಬಟ್ಟಿ ಅಂಡಗಿ ಹಿಡೀರಿ. ಮತ್ತ ಸಿಸಿಐಗೆ ಕೊಡೋರು 'ಕಪಾಸ್ ಕಿಸಾನ್' ಆ್ಯಪ್‌ನಾಗ ಮೊದಲೇ ಹೆಸರು ಹಚ್ಚಿರಬೇಕು, ಗಾಡಿ ತುಂಬಿದ ಮ್ಯಾಲೆ ಅಲ್ಲ.

ಎರೆಹೊಲ_ಮಾನ್ವಿ:
ಹಂಗಾರ ಸಂಜೀ ಸಾಲು ಓದೋದು ಬಿಟ್ಟುಬಿಡಲೇನು?

ನೂಲು_ದಾರಿ:
ಗುರುವಾರದ್ದು ಓದಿ. ಅಮೆರಿಕದ ವಾರದ ರಫ್ತು ಮಾರಾಟದ ಅಂಕಿ ನಮ್ಮ ಸಂಜೆ 6ಕ್ಕೆ ಬರುತ್ತೆ, ಅವರ ಚಳಿಗಾಲದಲ್ಲಿ 7ಕ್ಕೆ. ಜೊತೆಗೆ ತಿಂಗಳಿಗೊಮ್ಮೆ ಬರುವ ವಿಶ್ವ ಪೂರೈಕೆ-ಬೇಡಿಕೆ ಅಂದಾಜು, ರಾತ್ರಿ 9.30ಕ್ಕೆ, ಚಳಿಗಾಲದಲ್ಲಿ 10.30ಕ್ಕೆ. ಅದರಲ್ಲಿ ಬ್ರೆಜಿಲ್ ಸಾಲು ತಪ್ಪದೆ ನೋಡಿ. 2023-24ರಲ್ಲಿ ಅಮೆರಿಕವನ್ನೇ ಹಿಂದೆ ಹಾಕಿ ರಫ್ತಿನಲ್ಲಿ ಮೊದಲಾದ ದೇಶ ಅದು. ಗುಂಪಿಗೆ ಹಾಕುವಾಗ "ಏರಿಕೆ" ಅಂತ ಬರೀಬೇಡಿ. ಯಾವ ತಿಂಗಳ ವಾಯಿದೆ, ಎಷ್ಟು ಸೆಂಟ್, ಡಾಲರ್ ಎಷ್ಟು, ರಾಯಚೂರಿನಲ್ಲಿ ಕಾಳು ಎಷ್ಟು, ಸಿಸಿಐ ಹರಾಜು ದರ ಎಷ್ಟು, ಈ ಐದೂ ಒಂದೇ ಸಾಲಿನಲ್ಲಿ ಹಾಕಿ.