ಮನೆ ಕೊಡಿಸ್ತಿರೋ ಏಜೆಂಟ್ ಸುಳ್ಳು ಹೇಳಿದ್ದಾರೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮನೆ ಕೊಳ್ಳೋಕೆ ಏಜೆಂಟ್ ಕೈಗೆ ಟೋಕನ್ ಅಡ್ವಾನ್ಸ್ ಕೊಟ್ಟಿದ್ದೀವಿ. ಮನೆ ಮೇಲೆ ಯಾವ ಸಾಲವೂ ಇಲ್ಲ ಅಂದಿದ್ದರು. ವಕೀಲರು ದಾಖಲೆ ತೆಗೆಸಿ ನೋಡಿದರೆ ಬ್ಯಾಂಕಿನ ಅಡಮಾನ ಹಾಗೇ ಇದೆ! ಕೇಳಿದ್ದಕ್ಕೆ "ನೋಂದಣಿ ಹೊತ್ತಿಗೆ ತೀರಿಸ್ತಾರೆ ಬಿಡಿ" ಅಂತಾರೆ. ಮಾಲೀಕರ ನಂಬರ್ ಕೊಡಿ ಅಂದ್ರೆ ಮಾತು ಹಾರಿಸ್ತಾರೆ, ಬೇರೆ ಪಾರ್ಟಿ ಕಾಯ್ತಿದೆ ಅಂತ ಹೆದರಿಸ್ತಾರೆ.

ಕೊನೆಗೆ ದಾಖಲೆಯಲ್ಲಿದ್ದ ವಿಳಾಸ ಹಿಡಿದು ಮಾಲೀಕರನ್ನೇ ಕಂಡ್ವಿ. ಅವರು ಕೇಳಿದ ಬೆಲೆಯೇ ಬೇರೆ, ನಮಗೆ ಹೇಳಿದ್ದಕ್ಕಿಂತ ಕಡಿಮೆ. ಟೋಕನ್ ಹಣ ಅವರ ಕೈ ಸೇರೇ ಇಲ್ಲ. ಪಾಪ, ಒಳ್ಳೆಯವರು, ಸಾಲ ತೀರಿಸಿ ನಮಗೇ ಮಾರೋಕೆ ಒಪ್ಪಿದ್ದಾರೆ. ಮನೆಯೂ ನಮಗೆ ತುಂಬಾ ಇಷ್ಟ.

ಗೊಂದಲ ಇಲ್ಲೇ: ರಸೀದಿಯಲ್ಲಿ ಏಜೆಂಟ್ ಸಹಿ ಮಾತ್ರ ಇದೆ. ಮೊದಲು ಅವರಿಗೆ ನೋಟಿಸ್ ಕೊಟ್ಟು ಟೋಕನ್ ವಾಪಸ್ ಪಡೀಬೇಕಾ, ಇಲ್ಲ ಮಾಲೀಕರ ಜೊತೆ ನೇರವಾಗಿ ಕರಾರು ಮಾಡಿಕೊಳ್ಳಬಹುದಾ? ಹಾಗೆ ಮಾಡಿದರೂ ಏಜೆಂಟ್ ಕಮಿಷನ್ ಕೇಳಬಹುದಾ? ತಿಳಿದವರು ದಯವಿಟ್ಟು ಹೇಳಿ.