ಸಹಾಯ ಬೇಕು: ಟಿಎಲ್‌ಸಿಯಲ್ಲಿ ಒಂದೇ ಚುಕ್ಕೆ, ಎನ್‌ಎಂಆರ್‌ನಲ್ಲಿ ಮೂರು ವಸ್ತು?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಪಿಎಚ್‌ಡಿ ಮಾಡ್ತಿದೀನಿ. ಕೊರಟಗೆರೆಯ ಸಿದ್ದರಬೆಟ್ಟದ ಕಡೆಯಿಂದ ತಂದ ಲಕ್ಕಿ ಸೊಪ್ಪು ನನ್ನ ವಿಷಯ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಹೆಕ್ಸೇನ್‌ನಲ್ಲಿ ಸಾರ ತೆಗೆದು ಅದರಲ್ಲಿರೋ ವಸ್ತುಗಳನ್ನ ಬೇರ್ಪಡಿಸೋಕೆ ಸಿಲಿಕಾ ಕಾಲಂ ಹಾಕಿದೆ. ಹೆಕ್ಸೇನ್‌ಗೆ ಎಥೈಲ್ ಅಸಿಟೇಟ್ ಏರಿಸ್ತಾ ಹೋದಾಗ ಬಿಳಿ ಸೂಜಿಯಂಥ ಹರಳು ಸಿಕ್ತು. ಟಿಎಲ್‌ಸಿಯಲ್ಲಿ (ತೆಳು ಪದರದ ಮೇಲೆ ವಸ್ತುಗಳನ್ನ ಬೇರ್ಪಡಿಸಿ ನೋಡೋ ಪರೀಕ್ಷೆ) ಬಣ್ಣ ಬರಿಸೋ ಅನಿಸಾಲ್ಡಿಹೈಡ್ ಸಿಂಪಡಿಸಿ ಕಾಯಿಸಿದರೆ ನೇರಳೆ ಬಣ್ಣದ ಒಂದೇ ಚುಕ್ಕೆ.

ಆದ್ರೆ ಕಾರ್ಬನ್ ಎನ್‌ಎಂಆರ್‌ನಲ್ಲಿ (ಅಣುವಿನ ರಚನೆ ತೋರಿಸೋ ಪರೀಕ್ಷೆ) 140.7, 121.7 ಪಿಪಿಎಂ ಸಿಗ್ನಲ್‌ಗಳ ಜೊತೆಗೆ 138.3, 129.3 ಕೂಡ ಇದೆ. ಪ್ರೋಟಾನ್ ಎನ್‌ಎಂಆರ್‌ನಲ್ಲಿ 5.35ರ ಸಿಗ್ನಲ್‌ನ ಗಾತ್ರ 1 ಅಂತ ಇಟ್ಟರೆ 5.15, 5.02ರವು ಅರ್ಧವೂ ಇಲ್ಲ. ಅಂದ್ರೆ ಬೀಟಾ-ಸಿಟೋಸ್ಟೆರಾಲ್, ಸ್ಟಿಗ್ಮಾಸ್ಟೆರಾಲ್ ಅನ್ನೋ ಎರಡು ಸ್ಟೆರಾಲ್‌ (ಗಿಡದಲ್ಲಿರೋ ಕೊಬ್ಬಿನಂಥ ವಸ್ತು) ಬೆರೆತಿವೆ. ಅಷ್ಟು ಅರ್ಥ ಆಯ್ತು, ಬಹಳ ಗಿಡಗಳಲ್ಲಿ ಸಿಗೋ ಜೋಡಿಯೇ ಅದು. ತಲೆ ಕೆಡಿಸಿರೋದು ಕಾರ್ಬನ್ ಎನ್‌ಎಂಆರ್‌ನಲ್ಲಿ 173ರ ಹತ್ತಿರದ ಸಣ್ಣ ಸಿಗ್ನಲ್. ಎಥೈಲ್ ಅಸಿಟೇಟ್ ಉಳಿದಿದ್ರೆ 171ಕ್ಕೆ ಬರಬೇಕಿತ್ತು, 60ರ ಬಳಿ ಇನ್ನೊಂದು ಕಾಣಬೇಕಿತ್ತು. ಅದಿಲ್ಲ. ಮೆಥನಾಲ್‌ನಲ್ಲಿ ಮತ್ತೆ ಹರಳು ಮಾಡಿದೆ, ವ್ಯಾಕ್ಯೂಮ್‌ನಲ್ಲಿ ಒಣಗಿಸಿದೆ, ಹೋಗ್ತಿಲ್ಲ. ಬ್ಯಾಕ್ಟೀರಿಯಾ ತಡೆಯೋ ಗುಣ ಈ ಭಾಗದಲ್ಲೇ ಇರೋದ್ರಿಂದ ಬಿಡೋಕೂ ಮನಸ್ಸಿಲ್ಲ. ಉಳಿದಿರೋ ಹರಳು ಕೆಲವೇ ಮಿಲಿಗ್ರಾಂ.

ಈ ಕೆಲಸ ಮಾಡಿರೋರು ದಯವಿಟ್ಟು ಹೇಳಿ: ಆ 173 ಸ್ಟೆರಾಲ್‌ಗೆ ಅಂಟಿರೋ ಕೊಬ್ಬಿನಾಮ್ಲದ ಎಸ್ಟರ್ ಇರಬಹುದಾ, ಬೇರೆ ವಸ್ತುವಾ? ಅದನ್ನ ಬೇರ್ಪಡಿಸೋಕೆ ಮೊದಲು ಸಿಲ್ವರ್ ನೈಟ್ರೇಟ್ ಹಾಕಿದ ಸಿಲಿಕಾ ನೋಡ್ಲಾ, ಸಿ-18 ಎಚ್‌ಪಿಎಲ್‌ಸಿಗೆ (ಹೆಚ್ಚು ಒತ್ತಡದಲ್ಲಿ ವಸ್ತುಗಳನ್ನ ಬೇರ್ಪಡಿಸೋ ಯಂತ್ರ) ಕೊಡ್ಲಾ?