ಅಪ್‌ಡೇಟ್: ಭದ್ರಾ ಸಫಾರಿಗೆ ಕೊನೆಗೆ ನಿಕಾನ್ 200-500 ಲೆನ್ಸ್ ತಗೊಂಡೆ

ನನ್ನ ನಿಕಾನ್ ಡಿ7500 ಕ್ಯಾಮೆರಾಗೆ ಸಿಗ್ಮಾ 150-600 ಕಂಟೆಂಪರರಿ ಲೆನ್ಸ್ ತಗೊಳ್ಳೋದಾ ನಿಕಾನ್ 200-500 ತಗೊಳ್ಳೋದಾ ಅಂತ ಕೇಳಿದ್ದೆ ಅಲ್ವಾ, ಎರಡನ್ನೂ ಬಾಡಿಗೆಗೆ ತಂದು ನೋಡು ಅಂದಿದ್ರಿ, ಹಂಗೇ ಮಾಡ್ದೆ. ಆಮೇಲೆ ಸೆಕೆಂಡ್ ಹ್ಯಾಂಡ್ 200-500 ತಗೊಂಡೆ.

ಭದ್ರಾದ ಮುತ್ತೋಡಿ ಕಡೆ ಕಾಡು ದಟ್ಟ, ಬೆಳಿಗ್ಗೆ ಜೀಪಲ್ಲಿ ಹೋಗ್ವಾಗ ಬೆಳಕು ತುಂಬಾ ಕಮ್ಮಿ. ನಿಕಾನ್ 500ರಲ್ಲೂ ಎಫ್/5.6 ಕೊಡುತ್ತೆ (ಈ ನಂಬರ್ ಚಿಕ್ಕದಾದಷ್ಟೂ ಒಳಗೆ ಬರೋ ಬೆಳಕು ಜಾಸ್ತಿ), ಸಿಗ್ಮಾ ಪೂರ್ತಿ ಝೂಮಲ್ಲಿ ಎಫ್/6.3, ವ್ಯತ್ಯಾಸ ಒಂದು ಸ್ಟಾಪಲ್ಲಿ (ಅಂದ್ರೆ ಬೆಳಕು ಎರಡರಷ್ಟಾಗೋ ಅಳತೆ) ಮೂರನೇ ಒಂದು ಭಾಗ ಅಷ್ಟೆ, ಹಾಗಾಗಿ ಅದೊಂದನ್ನೇ ನೋಡಿ ತಗೊಳ್ಬೇಡಿ. ನಂಗೆ ಹಿಡಿಸಿದ್ದು ನಿಕಾನಿನ ವಿಆರ್ (ಕೈ ಅದುರಿದ್ರೂ ಫೋಟೋ ಮಸುಕಾಗದಂತೆ ತಡೆಯೋದು), ಮತ್ತೆ 500ರಲ್ಲೂ ಕಾಟಿಯ (ಕಾಡುಕೋಣ) ಕೂದಲು ಎಳೆಎಳೆಯಾಗಿ ಬಂದಿದ್ದು. ಡಿ7500 ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಆದ್ರಿಂದ 500 ಎಂಎಂ ಇಲ್ಲಿ 750 ಎಂಎಂ ಲೆಕ್ಕ ಆಗುತ್ತೆ, ನಂಗೆ ಸಾಕು.

ಆದ್ರೆ ಆನೆ ದಾರಿ ಪಕ್ಕಕ್ಕೇ ಬಂತು ಅಂದ್ರೆ 200 ಕೂಡ ಜಾಸ್ತಿ, ಫ್ರೇಮಲ್ಲಿ ಬರೀ ಕಿವಿ, ಅಲ್ಲಿ ಸಿಗ್ಮಾದಲ್ಲಿ 150 ಇರೋದು ನಿಜಕ್ಕೂ ವಾಸಿ. ನಿಕಾನ್ ತೂಕನೂ ಜಾಸ್ತಿ, ಟ್ರೈಪಾಡ್ ಕಾಲರ್ ಸೇರಿ 2.3 ಕೆಜಿ, ಸಿಗ್ಮಾ 2 ಕೆಜಿ ಒಳಗೆ.

ಲಕ್ಕವಳ್ಳಿ ಬೋಟಲ್ಲಿ ರಿವರ್ ಟರ್ನ್ ಹಕ್ಕಿ ಫೋಟೋ ತೆಗೆಯೋರು ಲೆನ್ಸನ್ನ ಬೋಟ್ ಕಂಬಿ ಮೇಲೆ ಇಡ್ಬೇಡಿ, ಇಂಜಿನ್ ಅದುರು ಸೀದಾ ಫೋಟೋಗೆ ಬರುತ್ತೆ, ಕೈಯಲ್ಲೇ ಹಿಡಿದು ವಿಆರ್ ಸ್ಪೋರ್ಟ್ ಮೋಡಲ್ಲಿಟ್ಟು ಶಟರ್ 1/2000 ಮೇಲೆ ಇಡಿ. ಜೀಪಿಗೆ ಬೀನ್ ಬ್ಯಾಗ್ (ಲೆನ್ಸ್ ಒರಗಿಸೋ ಚೀಲ) ಬೇಕೇ ಬೇಕು, ಖಾಲಿ ಚೀಲ ತಗೊಂಡು ಅಕ್ಕಿ ತುಂಬಿಸ್ಕೊಳ್ಳಿ.

ಬಾಡಿಗೆ ಐಡಿಯಾ ಕೊಟ್ಟ ಅಣ್ಣಂಗೆ ತುಂಬಾ ಥ್ಯಾಂಕ್ಸ್. ಈ ಲೆನ್ಸಿಗೆ 95 ಎಂಎಂ ಫಿಲ್ಟರ್ ಬೇಕು, ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಸಿಗೋ ಅಂಗಡಿ ಗೊತ್ತಿದ್ರೆ ಹೇಳಿ.